ಜಾಹೀರಾತಿಲ್ಲದ ಜಾಲತಾಣದಲ್ಲಿ ಮೂರು ವಾರ: ಮಾಸ್ಟೊಡಾನ್ ಬಗ್ಗೆ ಉತ್ತರ ಕನ್ನಡದವರ ಚರ್ಚೆ

ಕೋಡಿಬಾಗದ ಓದುಗ, ಕಾರವಾರ

ಆತ್ಮೀಯರೇ, ಕಳೆದ ತಿಂಗಳು ನಾವೆಲ್ಲ ಒಪ್ಪಿಕೊಂಡಂತೆ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣವನ್ನು ನಾನು ಮೂರು ವಾರ ದಿನವೂ ಬಳಸಿ ನೋಡಿದ್ದೇನೆ. ಜಗತ್ತಿನ ಲೆಕ್ಕದಲ್ಲಿ ಅದು ಹೊಸದಲ್ಲ. ಜರ್ಮನಿಯ ಓಯ್ಗೆನ್ ರೋಚ್ಕೊ 2016ರಲ್ಲಿಯೇ ಅದನ್ನು ಹೊರತಂದಿದ್ದರು. ಆದರೆ ನಮ್ಮ ಬಳಗದಲ್ಲಿ ಅದರ ಪರಿಚಯವಿದ್ದವರು ಒಬ್ಬಿಬ್ಬರು ಮಾತ್ರ. ಉಳಿದವರಿಗೆ ಹೆಸರೂ ಗೊತ್ತಿರಲಿಲ್ಲ. ಆದ್ದರಿಂದ ಮೊದಲ ನೋಟಕ್ಕೆ ಅನ್ನಿಸಿದ್ದನ್ನು ಅನ್ನಿಸಿದ ಹಾಗೆಯೇ ಬರೆಯುತ್ತೇನೆ, ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಮೊದಲ ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕುಳಿತು ಓದಲು ತೊಡಗಿದೆ. ಸುಮಾರು ಇಪ್ಪತ್ತು ನಿಮಿಷದ ನಂತರ, ಮಧ್ಯಾಹ್ನ ಓದಿ ಬಿಟ್ಟಿದ್ದ ಬರಹವೇ ಮತ್ತೆ ಕಣ್ಣಿಗೆ ಬಿತ್ತು. ಅಂದರೆ ನಾನು ಹಿಂಬಾಲಿಸುತ್ತಿರುವವರು ಅಷ್ಟು ಹೊತ್ತಿನಲ್ಲಿ ಬರೆದದ್ದು ಅಷ್ಟೇ, ಅದು ಮುಗಿದಿತ್ತು. ಹೊಸತು ಮೇಲೆ, ಹಳೆಯದು ಕೆಳಗೆ, ಬರೆದ ಸಮಯದ ಕ್ರಮದಲ್ಲಿಯೇ ಎಲ್ಲವೂ ಇದ್ದವು. ನಡುವೆ ಬನಿಯನ್ನಿನ ಚಿತ್ರವಿಲ್ಲ, ಸಾಲ ಕೊಡುವವರ ಕರೆಯಿಲ್ಲ, ನಾನು ಕೇಳದೆ ಇದ್ದ ಯಾವ ವಿಡಿಯೊ ಕೂಡ ಇಲ್ಲ. ಓದುವುದು ಮುಗಿಯಿತೆಂದು ಫೋನನ್ನು ಕೆಳಗಿಟ್ಟು ಎದ್ದು ಹೋದದ್ದು ಎಷ್ಟು ವರ್ಷಗಳ ನಂತರವೋ ನೆನಪಾಗಲಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ತಾಯಿ ತೀರಿಕೊಂಡಾಗ, ನಾನು ಆಗ ಬಳಸುತ್ತಿದ್ದ ಜಾಲತಾಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಮರುದಿನ ಬೆಳಿಗ್ಗೆ ನೆಂಟರಿಷ್ಟರ ಸಾಂತ್ವನದ ಮಾತುಗಳನ್ನು ಓದಲೆಂದು ತೆರೆದರೆ, ಅವುಗಳ ಬೆನ್ನಿಗೆ ಜೀವವಿಮೆಯ ಜಾಹೀರಾತು ಬಂದಿತ್ತು. ಅದರ ಕೆಳಗೆ ಅಸ್ಥಿ ವಿಸರ್ಜನೆಯ ಪ್ಯಾಕೇಜ್ ಪ್ರವಾಸದ ಜಾಹೀರಾತು. ಯಾರೋ ಬೇಕೆಂದು ಹಾಕಿದ್ದಲ್ಲ, ಯಂತ್ರ ನನ್ನ ಮಾತುಗಳನ್ನು ಓದಿ ಲೆಕ್ಕ ಹಾಕಿತ್ತು ಎಂಬುದು ನನಗೂ ತಿಳಿಯುತ್ತದೆ. ಆದರೆ ಆ ಬೆಳಿಗ್ಗೆ ಅಲ್ಲಿ ಬರೆಯುವ ಮನಸ್ಸು ಹೋದದ್ದು ಮತ್ತೆ ಬರಲಿಲ್ಲ.

ಇನ್ನು ತೊಡಕುಗಳು. ಖಾತೆ ತೆರೆಯುವ ಮೊದಲೇ ಯಾವ ಸರ್ವರ್, ಅಂದರೆ ನಮ್ಮ ಖಾತೆಯನ್ನು ಇಟ್ಟುಕೊಳ್ಳುವ ಕಂಪ್ಯೂಟರ್ ಯಾವುದು, ಎಂದು ಆರಿಸಿಕೊಳ್ಳಬೇಕು. ಅದು ನನಗೆ ಅರ್ಥವಾಗಲು ಎರಡು ದಿನ ಹಿಡಿಯಿತು. ನನ್ನ ಫೋನಿನಲ್ಲಿ ಗುಂಡಿಗಳ ಹೆಸರೆಲ್ಲ ಇಂಗ್ಲಿಷಿನಲ್ಲಿಯೇ ಕಾಣಿಸುತ್ತಿವೆ. ಕನ್ನಡದಲ್ಲಿ ಬರೆಯುವವರು ಸಿಗುತ್ತಾರೆ, ಆದರೆ ಹುಡುಕಿ ಹಿಡಿಯಬೇಕು. ನಿಮ್ಮ ಅನುಭವಗಳನ್ನೂ ದಯವಿಟ್ಟು ಬರೆಯಿರಿ.

ಶಿರಸಿಯ ತೋಟಿಗ

ಓದುಗರೇ, ತಾಯಿಯವರ ವಿಷಯ ಓದಿ ಮನಸ್ಸು ಭಾರವಾಯಿತು.

ನನ್ನದು ಒಂದೇ ಪ್ರಶ್ನೆ: ಜಾಹೀರಾತು ಇಲ್ಲವೆಂದಾದರೆ ಖರ್ಚು ಯಾರದು? ಫೇಸ್‌ಬುಕ್ಕಿನ ಒಡೆಯನಾದ ಮೆಟಾ ಕಂಪನಿಯ 2023ರ ಆದಾಯ ಸುಮಾರು 13,490 ಕೋಟಿ ಡಾಲರ್. ಅದರಲ್ಲಿ 13,190 ಕೋಟಿ ಡಾಲರಿನಷ್ಟು ಜಾಹೀರಾತಿನಿಂದಲೇ ಬಂದದ್ದು. ನಾವು ಅಡಿಕೆ ಬೆಳೆಗಾರರು, ದಲಾಲಿ ಇಲ್ಲದೆ ವ್ಯಾಪಾರ ಮಾಡಿಕೊಡುತ್ತೇನೆಂದು ಬಂದವನ ಬಳಿ ಮೊದಲು ಕೇಳುವುದು ನಿನ್ನ ಹೊಟ್ಟೆಪಾಡು ಹೇಗೆ ಎಂದೇ.

ಎಲ್ಲೊ (Ello) ಎಂಬ ತಾಣದ ಕಥೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2014ರಲ್ಲಿ ಅದು ಬಂದಾಗ ಆಹ್ವಾನವಿದ್ದವರಿಗೆ ಮಾತ್ರ ಪ್ರವೇಶ. ಜಾಹೀರಾತು ಹಾಕುವುದಿಲ್ಲ, ಬಳಕೆದಾರರ ಮಾಹಿತಿ ಮಾರುವುದಿಲ್ಲ, ನೀವು ಮಾರಾಟದ ಸರಕಲ್ಲ ಎಂದು ಘೋಷಿಸಿತು. ಬರಿಯ ಘೋಷಣೆಯಲ್ಲ, ಅದೇ ವರ್ಷದ ಅಕ್ಟೋಬರಿನಲ್ಲಿ ಸಾರ್ವಜನಿಕ ಹಿತದ ಕಂಪನಿಯಾಗಿ ನೋಂದಾಯಿಸಿಕೊಂಡು ಆ ಮಾತನ್ನು ತನ್ನ ನಿಯಮಪತ್ರದಲ್ಲಿಯೇ ಬರೆಸಿತು. ಆದರೂ ಅದು 2023ರಲ್ಲಿ ಮುಚ್ಚಿಹೋಯಿತು, ಅಲ್ಲಿ ಕಲಾವಿದರು ವರ್ಷಗಟ್ಟಲೆ ಜೋಡಿಸಿಟ್ಟ ಕೆಲಸವೂ ಅದರೊಂದಿಗೆ ಕಣ್ಮರೆಯಾಯಿತು. 2012ರಲ್ಲಿ ಶುರುವಾದ ಆ್ಯಪ್ ಡಾಟ್ ನೆಟ್ ಎಂಬ ಇನ್ನೊಂದು ತಾಣ ವರ್ಷಕ್ಕೆ 50 ಡಾಲರ್ ಶುಲ್ಕ ಕೇಳಿತು. ಅದೂ 2017ರಲ್ಲಿ ನಿಂತಿತು. ಉಚಿತವಾಗಿ ಕೊಟ್ಟವರೂ ಉಳಿಯಲಿಲ್ಲ, ದುಡ್ಡು ಕೇಳಿದವರೂ ಉಳಿಯಲಿಲ್ಲ. ಮಾಸ್ಟೊಡಾನ್ ಯಾವ ಬಲದ ಮೇಲೆ ನಿಂತಿದೆ ಎಂಬುದು ತಿಳಿಯದೆ ನನ್ನ ಇಪ್ಪತ್ತು ವರ್ಷದ ತೋಟದ ಟಿಪ್ಪಣಿಗಳನ್ನು ಅಲ್ಲಿಗೆ ಸಾಗಿಸಲು ನನಗೆ ಧೈರ್ಯವಿಲ್ಲ.

ಕುಮಟೆಯವನು, ಈಗ ಬೆಂಗಳೂರು

ತೋಟಿಗರ ಪ್ರಶ್ನೆಗೆ ನನಗೆ ತಿಳಿದ ಮಟ್ಟಿಗೆ ಉತ್ತರಿಸುತ್ತೇನೆ. ಸರ್ವರುಗಳ ಕೆಲಸವೇ ನನ್ನ ಉದ್ಯೋಗ, ಮಾಸ್ಟೊಡಾನಿನಲ್ಲಿ ನನ್ನ ಖಾತೆ 2019ರ ನವೆಂಬರಿನಿಂದ ಇದೆ. ಸುಪ್ರೀಂ ಕೋರ್ಟಿನ ಹಿರಿಯ ವಕೀಲರೊಬ್ಬರ ಟ್ವಿಟರ್ ಖಾತೆ ಅಮಾನತಾದ ಆ ದಿನಗಳಲ್ಲಿ ಭಾರತದಿಂದ ಬಹಳ ಮಂದಿ ಒಟ್ಟಿಗೇ ಅಲ್ಲಿಗೆ ಬಂದಿದ್ದರು. ಹೆಚ್ಚಿನವರು ಕೆಲವೇ ವಾರಗಳಲ್ಲಿ ಮರಳಿ ಹೋದರು, ನಾನು ಉಳಿದೆ.

ಎಲ್ಲೊ ಎಂಬುದು ಒಂದು ಕಂಪನಿಯಾಗಿತ್ತು, ಆ ಕಂಪನಿ ಬಾಗಿಲು ಹಾಕಿದಾಗ ತಾಣವೂ ಹೋಯಿತು. ಮಾಸ್ಟೊಡಾನ್ ಎಂಬುದು ಒಂದು ತಾಣದ ಹೆಸರಲ್ಲ, ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದಾದ ಮುಕ್ತ ತಂತ್ರಾಂಶದ ಹೆಸರು. ಅದನ್ನು ಹಾಕಿಕೊಂಡ ಸಾವಿರಾರು ಸರ್ವರುಗಳು ಆ್ಯಕ್ಟಿವಿಟಿಪಬ್ ಎಂಬ ಒಂದೇ ಒಪ್ಪಂದದ ಭಾಷೆಯಲ್ಲಿ ಪರಸ್ಪರ ಮಾತನಾಡುತ್ತವೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2018ರ ಜನವರಿಯಲ್ಲಿ ಅದನ್ನು ಅಧಿಕೃತ ಮಾನಕವಾಗಿ ಅಂಗೀಕರಿಸಿದೆ. ಇಮೇಲನ್ನು ನೆನಪಿಸಿಕೊಂಡರೆ ಸಾಕು. ನಿಮ್ಮದು ಒಂದು ಕಂಪನಿಯ ಇಮೇಲ್, ನನ್ನದು ಇನ್ನೊಂದರದು, ಆದರೂ ಕಾಗದ ಮುಟ್ಟುತ್ತದೆ. ಖಾತೆಯ ವಿಳಾಸದಲ್ಲಿ ಬಳಕೆದಾರರ ಹೆಸರಿನ ಜೊತೆಗೆ ಸರ್ವರಿನ ಹೆಸರೂ ಇರುವುದು ಇದಕ್ಕಾಗಿಯೇ. ಹಾಗಾಗಿ ಖರ್ಚು ಸಹ ಹಂಚಿಹೋಗಿದೆ: ಪ್ರತಿ ಸರ್ವರಿನ ಖರ್ಚನ್ನು ಅದನ್ನು ನಡೆಸುವವರು ಕೈಯಿಂದ ಹಾಕುತ್ತಾರೆ, ಇಲ್ಲವೇ ಬಳಸುವವರು ದೇಣಿಗೆ ಕೊಡುತ್ತಾರೆ.

ಒಳ್ಳೆಯದನ್ನು ಹೇಳಿದ ಮೇಲೆ ಎಚ್ಚರಿಕೆಯನ್ನೂ ಹೇಳಬೇಕು. ನಿಮ್ಮ ಸರ್ವರ್ ನಡೆಸುವವರು ಬೇಸತ್ತು ನಿಲ್ಲಿಸುವುದಾಗಿ ಹೇಳಿದರೆ, ಅದು ನಿಲ್ಲುವ ಮೊದಲೇ ನೀವು ಬೇರೆ ಸರ್ವರಿಗೆ ಹೋಗಬಹುದು, ನಿಮ್ಮನ್ನು ಹಿಂಬಾಲಿಸುತ್ತಿದ್ದವರೂ ಜೊತೆಗೆ ಬರುತ್ತಾರೆ. ಆದರೆ ಬರೆದ ಬರಹಗಳು ಬರುವುದಿಲ್ಲ. ಅವುಗಳ ಪ್ರತಿಯನ್ನು ಇಳಿಸಿಟ್ಟುಕೊಳ್ಳಲು ಸೆಟ್ಟಿಂಗ್ಸಿನಲ್ಲಿ ಅವಕಾಶವಿದೆ, ಆದರೆ ಆ ಪ್ರತಿಯನ್ನು ಹೊಸ ಖಾತೆಗೆ ಸೇರಿಸಲಾಗದು. ತೋಟಿಗರೇ, ನಿಮ್ಮ ಟಿಪ್ಪಣಿಗಳ ಮೂಲ ನಿಮ್ಮ ಮನೆಯಲ್ಲಿಯೇ ಇರಲಿ. ಇನ್ನೊಂದು ಮಾತು: ಅಲ್ಲಿ ಒಬ್ಬರಿಗೊಬ್ಬರು ಕಳಿಸುವ ಖಾಸಗಿ ಸಂದೇಶಗಳಿಗೆ ವಾಟ್ಸ್‌ಆ್ಯಪಿನಲ್ಲಿ ಇರುವಂಥ ಗೂಢಲಿಪಿಯ ರಕ್ಷಣೆಯಿಲ್ಲ, ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಲ್ಲರು. ಬ್ಯಾಂಕಿನ ವಿಷಯ, ಮನೆಯ ವಿಷಯ ಅಲ್ಲಿ ಬರೆಯಬೇಡಿ.

ಅಂಕೋಲೆಯ ಅಕ್ಕೋರು

ಸಮಯದ ಕ್ರಮದಲ್ಲಿ ಬರಹಗಳು ಕಾಣುವುದು ಎಂದು ಓದುಗರು ಬರೆದದ್ದನ್ನು ಓದಿದಾಗಿನಿಂದ ನನ್ನ ಮನಸ್ಸು ಅಲ್ಲಿಯೇ ನಿಂತಿದೆ.

2024ರ ಜುಲೈ 16ರ ಬೆಳಿಗ್ಗೆ ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು, ಮಣ್ಣು ಗಂಗಾವಳಿಯೊಳಗೂ ನುಗ್ಗಿತು. ಆ ವಾರವೆಲ್ಲ ನಾವು ಸುದ್ದಿಗಾಗಿ ಫೋನನ್ನೇ ನೋಡುತ್ತಿದ್ದೆವು. ನಾನು ಬಳಸುತ್ತಿದ್ದ ತಾಣದಲ್ಲಿ ಮೊದಲ ದಿನದ ಒಂದು ಮನವಿ, ಇಂಥ ಕಡೆ ಕುಡಿಯುವ ನೀರು ಬೇಕು ಎಂಬುದು, ಮೂರನೆಯ ದಿನವೂ ಎಲ್ಲಕ್ಕಿಂತ ಮೇಲೆ ಕಾಣಿಸುತ್ತಿತ್ತು. ಏಕೆಂದರೆ ಅದನ್ನು ಸಾವಿರಾರು ಮಂದಿ ಹಂಚಿದ್ದರು. ನಮ್ಮ ಓಣಿಯ ಹುಡುಗರು ಅದನ್ನು ನಂಬಿ ಬಾಟಲಿಗಳ ಪೆಟ್ಟಿಗೆ ತುಂಬಿಕೊಂಡು ಹೊರಟರು. ಅಲ್ಲಿ ಅದರ ಅವಶ್ಯಕತೆ ಎರಡು ದಿನದ ಹಿಂದೆಯೇ ಮುಗಿದಿತ್ತು, ಹಾಗೆಂದು ಬರೆದವರೂ ಇದ್ದರು, ಆದರೆ ಆ ಸಾಲು ನಮಗೆ ಯಾರಿಗೂ ಕಾಣಿಸಲೇ ಇಲ್ಲ. ಮಳೆಯಲ್ಲಿ ಸುತ್ತು ದಾರಿಯಲ್ಲಿ ಹೋಗಿ ಅವರು ಮರಳಿ ಬರುವವರೆಗೆ ಮನೆಯವರು ಪಟ್ಟ ಪಾಡು ನನಗೆ ಗೊತ್ತು.

ಜಾಹೀರಾತು ಇರುವ ತಾಣಕ್ಕೆ ನಾವು ಹೆಚ್ಚು ಹೊತ್ತು ಅಲ್ಲಿ ಇರಬೇಕು, ಆದ್ದರಿಂದ ಹೆಚ್ಚು ಜನ ಮುಟ್ಟಿದ್ದನ್ನೇ ಅದು ಮೇಲೆ ತರುತ್ತದೆ ಎಂದು ನನಗೆ ಆಮೇಲೆ ಕುಮಟೆಯ ತಮ್ಮ ವಿವರಿಸಿದರು. ಕಣ್ಣಿಗೆ ಕಿರಿಕಿರಿಯಾಗುತ್ತದೆ ಎಂಬುದಷ್ಟೇ ಜಾಹೀರಾತಿನ ತೊಂದರೆ ಎಂದು ನಾನು ತಿಳಿದಿದ್ದೆ. ಯಾವ ಸುದ್ದಿ ಮೊದಲು, ಯಾವುದು ಆಮೇಲೆ ಎಂಬುದನ್ನೂ ಅದೇ ತೀರ್ಮಾನಿಸುತ್ತದೆ ಎಂಬುದು ತಿಳಿದಿರಲಿಲ್ಲ.

ಕೋಡಿಬಾಗದ ಓದುಗ, ಕಾರವಾರ

ಅಕ್ಕೋರೇ, ನೀವು ಬರೆದದ್ದು ಅಕ್ಷರಶಃ ನಿಜ. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ನಾವು ಕೋಡಿಬಾಗದವರಿಗೆ ಬೆಳಗಾಗುವ ಮೊದಲು ಬೇಕಾಗಿದ್ದುದು ಒಂದೇ ಮಾಹಿತಿ: ಹೊಸ ಸೇತುವೆಯ ಮೇಲೆ ಸದಾಶಿವಗಡಕ್ಕೆ ಬಿಡುತ್ತಿದ್ದಾರೋ ಇಲ್ಲವೋ. ನನ್ನ ಫೋನಿನ ತುಂಬ ಲಾರಿ ನೀರಿಗೆ ಬಿದ್ದ ವಿಡಿಯೊಗಳೇ ಬಂದವು. ಉತ್ತರ ಸಿಕ್ಕಿದ್ದು ಪಕ್ಕದ ಮನೆಯವರಿಂದ.

ಬಿಣಗಾದ ವಿದ್ಯಾರ್ಥಿನಿ

ಹಿರಿಯರೆಲ್ಲ ಮೆಚ್ಚಿಕೊಂಡಿರುವಾಗ ಹೀಗೆ ಬರೆಯಲು ಸಂಕೋಚವಾಗುತ್ತದೆ, ಆದರೆ ನನಗೆ ಅಲ್ಲಿ ಬಹಳ ಒಂಟಿ ಅನ್ನಿಸಿತು. ನಾನು ರಂಗೋಲಿಯ ಆರು ಚಿತ್ರಗಳನ್ನು ಹಾಕಿದೆ. ಹಳೆಯ ತಾಣದಲ್ಲಾದರೆ ಒಂದು ಗಂಟೆಯೊಳಗೆ ಇನ್ನೂರು ಮಂದಿ ನೋಡಿರುತ್ತಿದ್ದರು, ಇಲ್ಲಿ ಎರಡು ದಿನದಲ್ಲಿ ಮೂವರು ಮೆಚ್ಚಿದರು. ನನ್ನ ಗೆಳತಿಯರು ಯಾರೂ ಅಲ್ಲಿ ಇಲ್ಲ. ಬಾ ಎಂದು ಕರೆದರೆ ಅಲ್ಲಿ ಯಾರಿದ್ದಾರೆ ಎಂದು ಕೇಳುತ್ತಾರೆ, ನಾನಿದ್ದೇನೆ ಎಂಬ ಉತ್ತರ ಅವರಿಗೆ ಸಾಲುತ್ತಿಲ್ಲ.

ಕುಮಟೆಯವನು, ಈಗ ಬೆಂಗಳೂರು

ತಂಗಿ, ಸಂಕೋಚ ಬೇಡ, ಹೆಚ್ಚಿನವರು ಮರಳಿ ಹೋಗುವುದು ಇದೇ ಕಾರಣಕ್ಕೆ. ಅಲ್ಲಿ ಮೆಚ್ಚುಗೆಯ ನಕ್ಷತ್ರ ಒತ್ತಿದರೆ ಅದು ಬರೆದವರಿಗೆ ತಿಳಿಯುತ್ತದೆಯೇ ಹೊರತು, ಹಿಂಬಾಲಿಸುವವರ ಮುಂದೆ ಆ ಬರಹವನ್ನು ಒಯ್ಯುವುದಿಲ್ಲ. ಮುಂದಕ್ಕೆ ಹೋಗಬೇಕಾದರೆ ಯಾರಾದರೂ ಅದನ್ನು ಮರುಹಂಚಬೇಕು, ಇಲ್ಲವೇ ನೀವು ಹ್ಯಾಶ್‌ಟ್ಯಾಗ್ ಹಾಕಿರಬೇಕು. ಹ್ಯಾಶ್‌ಟ್ಯಾಗನ್ನೇ ಹಿಂಬಾಲಿಸುವ ಸೌಲಭ್ಯವೂ ಇದೆ. ರಂಗೋಲಿ ಎಂಬ ಪದವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹಾಕಿ ನೋಡಿ. ಇನ್ನೂರು ಮಂದಿ ಬರಲಾರರು. ಬಂದ ಹತ್ತು ಮಂದಿಯಲ್ಲಿ ಮೂವರಾದರೂ ಚುಕ್ಕಿ ಎಷ್ಟು, ಸಾಲು ಎಷ್ಟು ಎಂದು ಕೇಳುತ್ತಾರೆ.

ಸಿದ್ದಾಪುರದ ಉಪ್ಪಿನಕಾಯಿ ಮನೆ

ನಾನು ಜಾಹೀರಾತು ಕೊಡುವವರ ಪರವಾಗಿ ಎರಡು ಮಾತು ಹೇಳಬೇಕಾಗಿದೆ, ಏಕೆಂದರೆ ನಾನೂ ಅವರಲ್ಲಿ ಒಬ್ಬಳು. ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವುದು ನಮ್ಮ ಮನೆಯ ಜೀವನ. ಮಿಡಿ ಕೊಯ್ಯುವ ಕಾಲ ಬಂದರೆ ಒಂದೆರಡು ತಿಂಗಳು ಮನೆಯಲ್ಲಿ ಎಲ್ಲರ ಕೈಯೂ ಉಪ್ಪು, ಸೊನೆ, ಸಾಸಿವೆಯಲ್ಲಿಯೇ ಇರುತ್ತದೆ. ತೊಟ್ಟು ಮುರಿದ ಮಿಡಿಯನ್ನು ಹಾಕಿದರೆ ಭರಣಿಯೇ ಕೆಡುತ್ತದೆ, ಹಾಗಾಗಿ ಒಂದೊಂದನ್ನೂ ತೊಟ್ಟು ಸಮೇತ ಆರಿಸಬೇಕು. ಇಷ್ಟು ಮಾಡಿದ ಮೇಲೆ ಕೊಳ್ಳುವವರಿಗೆ ನಾವು ಇದ್ದೇವೆಂದು ತಿಳಿಯಬೇಡವೇ? ನೂರು ಇನ್ನೂರು ರೂಪಾಯಿ ಕೊಟ್ಟು ಜಾಹೀರಾತು ಹಾಕಿದ್ದರಿಂದಲೇ ಬೆಂಗಳೂರು, ಪುಣೆ, ಮುಂಬಯಿಯ ನಮ್ಮ ಕಡೆಯ ಕುಟುಂಬಗಳು ನನಗೆ ಸಿಕ್ಕಿದ್ದು. ದೊಡ್ಡ ಅಂಗಡಿಯವರಿಗೆ ಪತ್ರಿಕೆ ಇದೆ, ಟಿವಿ ಇದೆ, ನನ್ನಂಥವರಿಗೆ ಇದ್ದದ್ದು ಅದೊಂದೇ. ಜಾಹೀರಾತು ಇಲ್ಲದ ತಾಣ ಓದುವವರಿಗೆ ನೆಮ್ಮದಿ ಎಂಬುದನ್ನು ಒಪ್ಪುತ್ತೇನೆ, ಆದರೆ ನನ್ನಂಥವರನ್ನು ಎಲ್ಲಿಗೆ ಹೋಗು ಎನ್ನುತ್ತೀರಿ?

ಕೋಡಿಬಾಗದ ಓದುಗ, ಕಾರವಾರ

ಅಕ್ಕ, ನಿಮ್ಮ ಪ್ರಶ್ನೆ ನ್ಯಾಯವಾದದ್ದು, ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನನ್ನ ಖಾತೆ ಇರುವ ಸರ್ವರಿನ ನಿಯಮದಂತೆ, ತಮ್ಮ ಕೈಕೆಲಸದ ಬಗ್ಗೆ ಯಾರೂ ಬರೆಯಬಹುದು. ಬರಿಯ ಮಾರಾಟಕ್ಕಾಗಿಯೇ ಖಾತೆ ನಡೆಸುವಂತಿಲ್ಲ. ತೊಟ್ಟು ಮುರಿದ ಮಿಡಿಯ ಬಗ್ಗೆ ನೀವು ಈಗ ಬರೆದ ಒಂದು ಸಾಲನ್ನೇ ಅಲ್ಲಿ ಬರೆದಿದ್ದರೆ ನಾನು ಖಂಡಿತ ಹಂಚುತ್ತಿದ್ದೆ. ಆದರೆ ಅದರಿಂದ ಜಾಹೀರಾತಿನಷ್ಟು ಗಿರಾಕಿಗಳು ಬರುತ್ತಾರೆಂದು ನಿಮಗೆ ಮಾತು ಕೊಡಲಾರೆ. ಸದ್ಯಕ್ಕೆ ನೀವು ಹಳೆಯ ತಾಣವನ್ನು ಬಿಡಬೇಡಿ ಎಂದೇ ನನ್ನ ಅಭಿಪ್ರಾಯ.

ಧ್ವನಿಯಲ್ಲಿ ಓದುವವನು, ಹೊನ್ನಾವರ

ನನಗೆ ಕಣ್ಣು ಕಾಣಿಸುವುದಿಲ್ಲ. ಫೋನು ಓದಿ ಹೇಳಿದ್ದನ್ನು ಕೇಳಿಸಿಕೊಂಡು ನಾನು ಈ ಚರ್ಚೆಯನ್ನು ಅನುಸರಿಸುತ್ತಿದ್ದೇನೆ, ಆದ್ದರಿಂದ ನನ್ನ ಮೊದಲ ಅನುಭವ ನಿಮ್ಮೆಲ್ಲರದಕ್ಕಿಂತ ಬೇರೆ.

ಹಳೆಯ ತಾಣದಲ್ಲಿ ಗೆಳೆಯರೊಬ್ಬರ ಬರಹಕ್ಕೂ ಇನ್ನೊಬ್ಬರ ಬರಹಕ್ಕೂ ನಡುವೆ ನಾನು ಜಾಹೀರಾತುಗಳನ್ನು ಪೂರ್ತಿ ಕೇಳಿಸಿಕೊಳ್ಳಬೇಕಾಗುತ್ತಿತ್ತು. ಕಣ್ಣಿದ್ದವರು ಬೆರಳಿನಿಂದ ಸರಿಸಿ ಮುಂದೆ ಹೋಗುತ್ತೀರಿ. ನನಗೆ ಅದು ಜಾಹೀರಾತು ಎಂದು ತಿಳಿಯುವುದೇ ಎರಡು ವಾಕ್ಯ ಕೇಳಿದ ಮೇಲೆ. ಮಾಸ್ಟೊಡಾನಿನಲ್ಲಿ ಮೊದಲ ಸಂಜೆ ಒಬ್ಬರ ಮಾತಿನ ನಂತರ ಇನ್ನೊಬ್ಬರ ಮಾತು ಮಾತ್ರ ಕೇಳಿಸಿತು. ನಮ್ಮೂರ ಶರಾವತಿಯ ದಡದಲ್ಲಿ ಸಂಜೆ ಕುಳಿತವರು ಸರದಿಯ ಮೇಲೆ ಮಾತನಾಡಿದ ಹಾಗಿತ್ತು.

ಅದಕ್ಕಿಂತ ದೊಡ್ಡ ವಿಷಯ ಚಿತ್ರಗಳದ್ದು. ಅಲ್ಲಿ ಚಿತ್ರ ಹಾಕುವಾಗ ಅದರಲ್ಲಿ ಏನಿದೆ ಎಂದು ಬರೆಯಲು ಒಂದು ಜಾಗವಿದೆ, 1,500 ಅಕ್ಷರಗಳವರೆಗೆ ಬರೆಯಬಹುದು; ಬರಹಕ್ಕೆ ಇರುವ ಮಿತಿ ಸಾಮಾನ್ಯವಾಗಿ 500 ಎಂಬುದನ್ನು ಗಮನಿಸಿ. ಬೇರೆ ತಾಣಗಳಲ್ಲಿಯೂ ಈ ಸೌಲಭ್ಯ ಇದೆ, ಆದರೆ ಬಳಸುವವರು ವಿರಳ. ಇಲ್ಲಿ ಅದು ಬಹಳ ಮಂದಿಯ ರೂಢಿಯಾಗಿದೆ. ಪರದೇಶದ ಯಾರೋ ಒಬ್ಬರು ತಮ್ಮ ಅಡುಗೆಮನೆಯ ಕಿಟಕಿಯ ಚಿತ್ರ ಹಾಕಿ, ಗಾಜಿನ ಮೇಲೆ ಮಳೆಹನಿ ಇಳಿದ ಗೆರೆಗಳನ್ನೂ ಒಳಗಡೆ ಒಣಗಲು ಇಟ್ಟ ಎರಡು ಲೋಟಗಳನ್ನೂ ವರ್ಣಿಸಿದ್ದರು. ನಾನು ಆ ಕಿಟಕಿಯ ಬಳಿ ಸ್ವಲ್ಪ ಹೊತ್ತು ನಿಂತೆ.

ನಮ್ಮ ಬಳಗದವರಲ್ಲಿ ಒಂದು ಬೇಡಿಕೆ ಇದೆ. ಅಕ್ಕೋರು ಕಳೆದ ವಾರ ಗಜನಿಯ, ಅಂದರೆ ಉಪ್ಪುನೀರು ನಿಲ್ಲುವ ಬಯಲಿನ, ಕಗ್ಗ ಭತ್ತದ ಗದ್ದೆಯ ಚಿತ್ರ ಹಾಕಿದ್ದರು, ಹಲವರು ಮೆಚ್ಚಿದ್ದನ್ನು ಕೇಳಿದೆ. ನನ್ನ ಫೋನು ಅದನ್ನು ಚಿತ್ರ ಎಂದಷ್ಟೇ ಓದಿತು.

ಶಿರಸಿಯ ತೋಟಿಗ

ಕುಮಟೆಯವರ ಉತ್ತರವನ್ನು ಎರಡು ಸಲ ಓದಿದೆ, ಹೊನ್ನಾವರದವರದನ್ನು ಮೂರು ಸಲ. ನನ್ನ ಅಭಿಪ್ರಾಯ ಈಗ ಸ್ವಲ್ಪ ಬದಲಾಗಿದೆ.

ಜಾಹೀರಾತು ಇದೆಯೋ ಇಲ್ಲವೋ ಎಂಬುದರ ಮೇಲೆ ನಾವು ಇಷ್ಟು ಹೊತ್ತು ಮಾತನಾಡಿದೆವು. ಜಾಹೀರಾತು ಹಾಕುವುದಿಲ್ಲ ಎಂದು ಇನ್ನೊಬ್ಬರು ಕೊಟ್ಟ ಮಾತು ಎಷ್ಟು ದಿನ ಎಂಬುದು ಅವರ ಕೈಯಲ್ಲಿರುತ್ತದೆ, ಎಲ್ಲೊ ತಾಣ ಮಾತಿಗೆ ತಪ್ಪದೆಯೂ ಮುಳುಗಿತು. ತಾಣ ನಮ್ಮದೇ ಆಗಿದ್ದರೆ? ನಮ್ಮ ನಾಡಿನಲ್ಲಿ ಇದು ಹೊಸ ವಿಚಾರವಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿಯೇ ಸಹಕಾರಿ ಸಂಘ ಕಟ್ಟಿದರು. ನಮ್ಮ ಶಿರಸಿ ಸೀಮೆಯ ಅಡಿಕೆ ವಹಿವಾಟು ಸಹ ಬಹುಪಾಲು ಬೆಳೆಗಾರರ ಸಹಕಾರಿ ಸಂಘಗಳ ಮೂಲಕವೇ ನಡೆಯುತ್ತದೆ. ಪಾಲು ಹಣ ಕಟ್ಟುತ್ತೇವೆ, ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುತ್ತೇವೆ, ಒಪ್ಪಿಗೆಯಾಗದಿದ್ದರೆ ಆಡಳಿತ ಮಂಡಳಿಯನ್ನೇ ಬದಲಿಸುತ್ತೇವೆ. ಹತ್ತು ಎಕರೆಯವನಿಗೂ ಹತ್ತು ಗುಂಟೆಯವನಿಗೂ ಒಂದೇ ಮತ. ಒಂದು ಸರ್ವರನ್ನು ಹೀಗೆ ನಡೆಸಲು ಸಾಧ್ಯವೇ, ಕುಮಟೆಯವರೇ?

ಕುಮಟೆಯವನು, ಈಗ ಬೆಂಗಳೂರು

ಸಾಧ್ಯ ಮಾತ್ರವಲ್ಲ, ನಡೆಸುತ್ತಿರುವವರಿದ್ದಾರೆ. ಸೋಶಿಯಲ್ ಡಾಟ್ ಕೋಆಪ್ ಎಂಬ ಮಾಸ್ಟೊಡಾನ್ ಸರ್ವರ್ 2017ರಲ್ಲಿ ಸಹಕಾರಿ ತತ್ವದ ಮೇಲೆ ಆರಂಭವಾಯಿತು. ಸದಸ್ಯರು ಶಕ್ತ್ಯನುಸಾರ ಚಂದಾ ಕೊಡುತ್ತಾರೆ, ನಿಯಮಗಳನ್ನು ಕೂಡಿ ಚರ್ಚಿಸಿ ತೀರ್ಮಾನಿಸುತ್ತಾರೆ.

ಆದರೆ ಹಣಕ್ಕಿಂತ ದುಡಿಮೆ ಹೆಚ್ಚು ಬೇಕು. ಬಾಡಿಗೆ ಸರ್ವರ್, ಡೊಮೇನ್ ಹೆಸರು, ನಿತ್ಯದ ಬ್ಯಾಕಪ್, ಇವು ಲೆಕ್ಕಕ್ಕೆ ಸಿಗುವ ಖರ್ಚುಗಳು. ನಾವು ಹಿಂಬಾಲಿಸುವ ಹೊರಗಿನವರ ಚಿತ್ರಗಳ ಪ್ರತಿಯೂ ನಮ್ಮ ಸರ್ವರಿನಲ್ಲಿ ತಾತ್ಕಾಲಿಕವಾಗಿ ಶೇಖರವಾಗುತ್ತದೆ, ಆಗಾಗ ತೆಗೆಯದಿದ್ದರೆ ಡಿಸ್ಕ್ ತುಂಬಿ ನಿಲ್ಲುತ್ತದೆ. ಇದೆಲ್ಲವನ್ನೂ ನಾನು ನೋಡಿಕೊಳ್ಳಬಲ್ಲೆ. ಕಷ್ಟವಾದದ್ದು ಬೇರೆ: ಯಾರಾದರೂ ಯಾರನ್ನಾದರೂ ಬೈದು ಬರೆದಾಗ ತೆಗೆಯಬೇಕೋ ಬಿಡಬೇಕೋ ಎಂದು ತೀರ್ಮಾನಿಸುವವರು ಬೇಕು, ಅದು ನಡುರಾತ್ರಿಯಲ್ಲಿಯೂ ಬರುತ್ತದೆ, ಚುನಾವಣೆಯ ವಾರದಲ್ಲಿ ದಿನವೂ ಬರುತ್ತದೆ. ನಮ್ಮ ಜಿಲ್ಲೆ ಚಿಕ್ಕದು, ಬೈದವನೂ ಬೈಸಿಕೊಂಡವನೂ ನಮ್ಮ ನೆಂಟರೇ ಆಗಿರಬಹುದು. ಅದಕ್ಕೆ ಒಬ್ಬರಲ್ಲ, ಬೇರೆ ಬೇರೆ ತಾಲೂಕಿನ ಮೂವರು ನಾಲ್ವರು ಮುಂದೆ ಬಂದರೆ ಮಾತ್ರ ನಾನು ಕೈ ಹಾಕುತ್ತೇನೆ. ಇಲ್ಲವಾದರೆ ಸದ್ಯ ಇರುವ ಸರ್ವರುಗಳಲ್ಲಿಯೇ ಇದ್ದು, ಅವರಿಗೆ ನಮ್ಮ ಪಾಲಿನ ದೇಣಿಗೆ ಕೊಡುವುದು ಪ್ರಾಮಾಣಿಕವಾದ ದಾರಿ.

ಶಿರಸಿಯ ತೋಟಿಗ

ಘಟ್ಟದ ಮೇಲಿನಿಂದ ನನ್ನ ಹೆಸರು ಬರೆದುಕೊಳ್ಳಿ. ವರ್ಷಕ್ಕೆ 500 ರೂಪಾಯಿ ಪಾಲು ಎಂದಿಟ್ಟುಕೊಂಡು ಎಷ್ಟು ಮಂದಿ ಸೇರಿದರೆ ಖರ್ಚು ತೂಗುತ್ತದೆ ಎಂಬ ಲೆಕ್ಕವನ್ನು ನೀವು ಬರೆದು ಕಳಿಸಿ, ಮುಂದಿನ ವಾರ ಎಲ್ಲರ ಮುಂದೆ ಇಡೋಣ. ಸಿದ್ದಾಪುರದ ಅಕ್ಕನವರ ಪ್ರಶ್ನೆಯನ್ನೂ ಅದರಲ್ಲಿ ಸೇರಿಸಬೇಕು: ನಮ್ಮದೇ ತಾಣವಾದರೆ ವಾರಕ್ಕೊಂದು ದಿನ ಸದಸ್ಯರು ತಮ್ಮ ಬೆಳೆ, ತಮ್ಮ ತಯಾರಿಕೆಯ ವಿಷಯ ಬರೆಯಬಹುದೆಂಬ ನಿಯಮ ಮಾಡಿಕೊಳ್ಳಲು ನಮ್ಮನ್ನು ಯಾರೂ ತಡೆಯುವುದಿಲ್ಲ. ಶಿರಸಿ ಪೇಟೆಗೂ ಸಂತೆಯ ದಿನ ಎಂಬುದು ಇದೆಯಲ್ಲ.

ಸಿದ್ದಾಪುರದ ಉಪ್ಪಿನಕಾಯಿ ಮನೆ

ಅಷ್ಟು ಅವಕಾಶ ಸಿಕ್ಕರೆ ನಾನೂ ಪಾಲುದಾರಳು.

ಅಂಕೋಲೆಯ ಅಕ್ಕೋರು

ಹೊನ್ನಾವರದ ಅಣ್ಣನವರೇ, ನಿಮ್ಮ ಮಾತು ಓದಿದ ಮೇಲೆ ನನಗೆ ನನ್ನ ಮೇಲೆಯೇ ಬೇಸರವಾಯಿತು. ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ನೋಡಿ ಐದು ವಾಕ್ಯ ಬರೆಯಿರಿ ಎಂದು ಎಷ್ಟು ಸಲ ಹೇಳಿದ್ದೇನೋ, ನಾನು ಬರೆದಿರಲಿಲ್ಲ. ಅಲ್ಲಿ ಹಾಕಿದ್ದನ್ನು ತಿದ್ದಲು ಬರುತ್ತದೆ ಎಂದು ತಿಳಿಯಿತು, ಈಗ ಹೀಗೆ ಸೇರಿಸಿದ್ದೇನೆ:

ಕುಮಟಾ ತಾಲೂಕಿನ ಮಾಣಿಕಟ್ಟಾದ ಗಜನಿ. ಅಘನಾಶಿನಿಯ ಉಪ್ಪುನೀರು ನಿಂತ ಬಯಲಿನಲ್ಲಿ ಕಗ್ಗದ ಭತ್ತ ಎತ್ತರಕ್ಕೆ ಬೆಳೆದು ಒಂದೇ ಕಡೆಗೆ ವಾಲಿದೆ. ನೀರಿನಲ್ಲಿ ನಿಂತವರು ತೆನೆಯನ್ನು ಮಾತ್ರ ಕೊಯ್ದು ಪಕ್ಕದ ಚಿಕ್ಕ ದೋಣಿಗೆ ಹಾಕುತ್ತಿದ್ದಾರೆ, ಹುಲ್ಲನ್ನು ನೀರಿನಲ್ಲಿಯೇ ಬಿಟ್ಟಿದ್ದಾರೆ. ಹಿಂದೆ ಕಟ್ಟೆಯ ಮೇಲೆ ಎರಡು ಬೆಳ್ಳಕ್ಕಿಗಳಿವೆ. ಮೋಡ ಕವಿದಿದೆ.

ಧ್ವನಿಯಲ್ಲಿ ಓದುವವನು, ಹೊನ್ನಾವರ

ಅಕ್ಕೋರೇ, ತುಂಬ ಉಪಕಾರವಾಯಿತು. ನೀರು ಕೊಯ್ಯುವವರ ಮೊಣಕಾಲಿನವರೆಗೆ ಇತ್ತೋ ಸೊಂಟದವರೆಗೆ ಇತ್ತೋ?

ಅಂಕೋಲೆಯ ಅಕ್ಕೋರು

ಸೊಂಟದವರೆಗೆ. ಮುಂದೆ ನಿಂತ ಹೆಂಗಸು ಸೆರಗನ್ನು ಬಿಗಿದು ಕಟ್ಟಿಕೊಂಡಿದ್ದಾಳೆ, ಕೊಯ್ದ ತೆನೆಯ ಕಂತೆಯನ್ನು ನೆನೆಯದಂತೆ ಭುಜಕ್ಕಿಂತ ಮೇಲೆ ಎತ್ತಿ ಹಿಡಿದಿದ್ದಾಳೆ. ಅದನ್ನೂ ಈಗ ಸೇರಿಸಿದೆ.